ವಿಭೂತಿ ಹಚ್ಚಿದ ಫಿಲ್ಟರು

ಆ ಗ್ಯಾರೇಜಿನ ಮಿಸ್ತ್ರಿಯ ಮುಖ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅವನಿಗಿಂತ ಹೆಚ್ಚು ನಮ್ಮವರ ಮೇಲೆ ಉರಿಯುತ್ತದೆ.

ಕಾರು ನನ್ನದು. ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳಿ, ನನ್ನ ಸಂಬಳದಲ್ಲಿ ಸೊಲ್ಲಾಪುರದಿಂದ ತಂದ ಹಳೆಯ ಸ್ಪೋರ್ಟ್ಸ್ ಕಾರು, ಎರಡೇ ಸೀಟಿನದು. ಆದರೂ ಗಂಡ ಹೆಂಡತಿ ಕೂಡಿ ಹೊರಟರೆ ಸ್ಟೇರಿಂಗ್ ನಮ್ಮವರದೇ. ಪೆಟ್ರೋಲ್ ಫಿಲ್ಟರು ಕಾರಿನ ಹೊಟ್ಟೆಯ ಕೆಳಗೆ, ನೆಲಕ್ಕೆ ಗೇಣೆತ್ತರದಲ್ಲಿ ಇತ್ತು. ನಮ್ಮ ಕಡೆಯ ರಸ್ತೆಯ ಹಂಪುಗಳಿಗೆ ಎರಡು ಸಲ ಬಡಿದು ನೆಗ್ಗಿತು, ಎರಡು ಸಲವೂ ನಾನು ಕಬ್ಬಿನ ಹೊಲಗಳ ನಡುವೆ ಒಬ್ಬಳೇ ನಿಂತೆ. ಇನ್ನೊಮ್ಮೆ ಕಾರು ನಿಂತರೆ ಮಾರಿಬಿಡುತ್ತೇನೆ ಎಂದು ನಮ್ಮವರು ಫರ್ಮಾನು ಹೊರಡಿಸಿದರು. ಮಾರಲಿಕ್ಕೆ ಅವರ್ಯಾರು? ನಾನು ಬಾಯಿ ಮುಚ್ಚಿಕೊಂಡಿದ್ದೆ, ಆ ಸಿಟ್ಟು ನನ್ನ ಮೇಲೆಯೇ ಇದೆ.

ಹೊಸ ಫಿಲ್ಟರನ್ನು ಮೇಲೆ, ಇಂಜಿನ್ ಪಕ್ಕಕ್ಕೆ ಹಾಕಿಸಲು ನಿಶ್ಚಯಿಸಿದೆ. ಚೌಡಾಪುರದ ಹತ್ತಿರ ಟ್ರ್ಯಾಕ್ಟರ್ ರಿಪೇರಿ ಮಾಡುವ ಮಿಸ್ತ್ರಿ ಒಪ್ಪಿಕೊಂಡ. ಪೈಪು ಎಷ್ಟುದ್ದ ಬೇಕು, ಬಿಸಿ ತಾಗದಂತೆ ಎಲ್ಲಿ ಕಟ್ಟಬೇಕು ಎಂದೆಲ್ಲ ನಾನು ಓದಿಕೊಂಡೇ ಹೋಗಿದ್ದೆ. ನಾನು ಕೇಳಿದ್ದಕ್ಕೆಲ್ಲ ಅವನು ನಮ್ಮವರ ಮುಖ ನೋಡಿ ಉತ್ತರ ಕೊಟ್ಟ. ನಮ್ಮವರಿಗೆ ಬಾನೆಟ್ ತೆರೆಯುವುದು ಹೇಗೆಂದೂ ಗೊತ್ತಿಲ್ಲ. ಗಡ್ಡ ಕೆರೆಯುತ್ತ ಹೂಂಗುಟ್ಟಿದರು.

ಹೊಸ ಸಾಮಾನು ಏನೇ ಇರಲಿ, ವಿಭೂತಿ ಹಚ್ಚದೆ ಕೂರಿಸುವ ಪದ್ಧತಿ ಆ ಗ್ಯಾರೇಜಿನಲ್ಲಿ ಇಲ್ಲ. ಮಿಸ್ತ್ರಿ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಫಿಲ್ಟರಿನ ಮೇಲೆ ಮೂರು ಬೆರಳು ಎಳೆದ, ಕೈ ಮುಗಿದ, ಕೂರಿಸಿದ. ನಾನೂ ಕೈ ಮುಗಿದೆ, ಸುಳ್ಳೇಕೆ ಹೇಳಲಿ.

ನಮ್ಮವರನ್ನು ಚಹಾ ಕುಡಿಯಲು ಅಲ್ಲೇ ಬಿಟ್ಟು ನಾನು ಓಡಿಸಿ ನೋಡಲು ಹೊರಟೆ. ಸ್ವಲ್ಪ ದೂರ ಹೋಗುವುದರಲ್ಲೇ ಕಾರು ಕೆಮ್ಮತೊಡಗಿತು. ಆಕ್ಸಿಲರೇಟರ್ ಒತ್ತಿದಷ್ಟೂ ಸೋಲುತ್ತಿತ್ತು. ಹೇಗೋ ತಿರುಗಿಸಿ ತಂದೆ. ಮಿಸ್ತ್ರಿ ಕೂತಲ್ಲಿಂದ ಏಳಲಿಲ್ಲ. "ಹೆಣ್ಮಕ್ಕಳು ಕ್ಲಚ್ ಮ್ಯಾಲಿನ ಕಾಲು ತಗಿಯೂದಿಲ್ಲರಿ ಸಾಹುಕಾರ್ರ" ಎಂದ, ನಮ್ಮವರಿಗೆ. ನಮ್ಮವರು ನಕ್ಕರು. ನಾಳೆಯೇ ಗಿರಾಕಿ ನೋಡುತ್ತೇನೆ ಎಂದರು.

ನಾನೇ ಬಾನೆಟ್ ಎತ್ತಿದೆ. ಪೆಟ್ರೋಲು ಯಾವ ಕಡೆ ಹರಿಯಬೇಕೆಂದು ತೋರಿಸುವ ಬಾಣದ ಗುರುತು ಫಿಲ್ಟರಿನ ಮೈಮೇಲೆ ಇರುತ್ತದೆ. ಅದು ಕಾಣಲಿಲ್ಲ. ಸೆರಗಿನಿಂದ ವಿಭೂತಿ ಒರೆಸಿದೆ. ಇಂಜಿನ್ ಕಡೆ ಇರಬೇಕಾದ ಬಾಣ ಟ್ಯಾಂಕಿನ ಕಡೆ ಮುಖ ಮಾಡಿತ್ತು, ಪೂರಾ ಉಲ್ಟಾ. ಬಾಣದ ಮೇಲೆಯೇ ವಿಭೂತಿ ಎಳೆದು, ಆಮೇಲೆ ಅಂದಾಜಿನ ಮೇಲೆ ಕೂರಿಸಿದ್ದ ಮಹಾಶಯ.

ಉಲ್ಟಾ ಕೂರಿಸಿದ್ದು ಅಲ್ಲಿ ಯಾರಿಗೂ ತಪ್ಪಾಗಿ ಕಾಣಲಿಲ್ಲ. ನಾನು ವಿಭೂತಿ ಒರೆಸಿದ್ದು ಕಂಡಿತು. ಸೆರಗಿನಿಂದ ಒರೆಸುವುದೇನು ಎಂದು ಮಿಸ್ತ್ರಿ ಗದರಿದ. ನಮ್ಮವರು ನನ್ನ ಪರವಾಗಿ ತಪ್ಪಾಯಿತು ಎಂದು ಕೈ ಮುಗಿದರು. ನಾನು, ಮಿಸ್ತ್ರಿ ಫಿಲ್ಟರ್ ತಿರುಗಿಸಿ ಹಾಕುವವರೆಗೂ ಅವನ ತಲೆಯ ಮೇಲೆಯೇ ನಿಂತಿದ್ದೆ.

ಕೀಲಿ ತೆಗೆದುಕೊಂಡು ಓಡಿಸಿ ನೋಡಲು ಹೋದವರು ನಮ್ಮವರು. ಗಾಣಗಾಪುರದ ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಹಲ್ಲು ಕಿರಿಯುತ್ತ ವಾಪಸು ಬಂದರು. ಕೂತಲ್ಲಿಂದಲೇ, "ಮಾರೂದ್ ಬ್ಯಾಡ ಬಿಡು, ಇನ್ನ ಇದನ್ನ ನಾನೇ ಹೊಡಿತೇನಿ. ನೀ ಕಾಲೇಜಿಗೆ ಬಸ್ಸಿಗೆ ಹೋಗು" ಎಂದರು. ಮಿಸ್ತ್ರಿ ಸೈ ಎಂಬಂತೆ ತಲೆಯಾಡಿಸಿದ.

ನಾನು ಡ್ರೈವರ್ ಕಡೆಯ ಬಾಗಿಲು ತೆರೆದು ಹಿಡಿದೆ.

"ಇಳೀರಿ. ಈ ಗಾಡಿಯಾಗ ನಿಮ್ಮ ಸೀಟು ಆ ಕಡಿ ಅದ."

ಅವರು ಮಿಸ್ತ್ರಿಯ ಮುಖ ನೋಡಿದರು. ಆಮೇಲೆ ಇಳಿದರು.