ಎರಡು ಸಂತೆಯ ವಾರ

ಅಕ್ಕನ ಬಾಯಲ್ಲಿ ಹುಣ್ಣೆದ್ದಾಗ ಕಾರಣವನ್ನು ಆಕೆಯೇ ಹೇಳಿಬಿಟ್ಟಳು. "ಉಷ್ಣ ಆಗೇತಿ ಬಿಡೋ. ಮಜ್ಜಿಗಿ ಕುಡದ್ರ ಹೋಗ್ತೈತಿ."

ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದಾಗಿನಿಂದ ಈ ಉಷ್ಣ-ಶೀತಗಳನ್ನು ನಾನು ನಂಬಿದವನಲ್ಲ. ನಂಬದವನು ಮಾಡಿದ್ದೇನು? ಔಷಧದಂಗಡಿಗೆ ಹೋಗಿ ಬಿ-ಕಾಂಪ್ಲೆಕ್ಸ್ ಗುಳಿಗೆ ತಂದುಕೊಟ್ಟೆ. ಮಜ್ಜಿಗೆಗಿಂತ ಅದು ಯಾವ ರೀತಿಯಲ್ಲಿ ಮೇಲಾಯಿತೋ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಐನಾಪುರದಲ್ಲಿ ನಮ್ಮ ಜೊತೆಗೇ ಇರುತ್ತಾಳೆ. ಅವಳ ಮಗಳನ್ನು ಕಾಗವಾಡದ ಕಡೆಯ ಒಂದು ದ್ರಾಕ್ಷಿ ತೋಟದ ಮನೆಗೆ ಕೊಟ್ಟಿದ್ದೇವೆ. ಗೊಂಚಲಲ್ಲಿ ಒತ್ತೊತ್ತಾಗಿ ಬಂದ ಕಾಳುಗಳನ್ನು ಸಣ್ಣ ಕತ್ತರಿಯಿಂದ ತೆಗೆದು ಉಳಿದವಕ್ಕೆ ಜಾಗ ಮಾಡಿಕೊಡುವ ಕೆಲಸದಲ್ಲಿ ಅಕ್ಕನಷ್ಟು ಚುರುಕಿನ ಕೈ ಆ ತೋಟದಲ್ಲಿ ಇನ್ನೊಂದಿಲ್ಲ. ಮೂರು ವರ್ಷದ ಹಿಂದೆ, ನಾಲ್ಕೂ ಇರಬಹುದು, ಆ ಬೆರಳುಗಳು ಬಾತು, ಬೆಳಿಗ್ಗೆ ಎದ್ದರೆ ಮಡಚಲು ಬಾರದಂತಾದವು. ಕತ್ತರಿ ಹಿಡಿಯುವುದು ನಿಂತಿತು. ಮೀರಜಿಗೆ ಕರೆದುಕೊಂಡು ಹೋದೆ.

ದೇಹ ಕಾಯಬೇಕಾದ ಬಿಳಿ ರಕ್ತಕಣಗಳು ದಾರಿ ತಪ್ಪಿ ಆಕೆಯ ಕೀಲುಗಳನ್ನೇ ವೈರಿ ಎಂದು ತಿಳಿದಿವೆ ಎಂದರು ಅಲ್ಲಿಯ ವೈದ್ಯೆ. ಮೊದಲು ಸ್ಟೆರಾಯ್ಡ್ ಕೊಟ್ಟರು. ಬಾವು ಬೇಗ ಇಳಿಯಿತು. ಮುಖ ಉಬ್ಬಿತು, ಸಕ್ಕರೆ ಏರಿತು. ಅದನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಮೆಥೊಟ್ರೆಕ್ಸೇಟ್ ಬರೆದರು. ದೊಡ್ಡ ಪ್ರಮಾಣದಲ್ಲಿ ಅದು ಕ್ಯಾನ್ಸರಿನ ಔಷಧ. ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಕೆರಳಿದ ಕಣಗಳನ್ನು ಸುಮ್ಮನಿರಿಸುತ್ತದೆ, ಆದರೆ ಗುಣ ಕಾಣಲು ತಿಂಗಳುಗಳು ಬೇಕು. ಪ್ರಮಾಣ ಮೀರಿದರೆ ದೇಹದಲ್ಲಿ ಬೇಗಬೇಗ ಹುಟ್ಟುವ ಎಲ್ಲದಕ್ಕೂ, ಬಾಯಿಯ ಒಳಪದರಕ್ಕೆ, ರಕ್ತ ತಯಾರಾಗುವ ಮೂಳೆಯ ಮಜ್ಜೆಗೆ, ಪೆಟ್ಟು. ಅದಕ್ಕೇ ಜೊತೆಗೆ ಫೋಲಿಕ್ ಆ್ಯಸಿಡ್, ಆಗಾಗ ರಕ್ತ ಮತ್ತು ಲಿವರ್ ಪರೀಕ್ಷೆ. ಜ್ವರ ಬಂದರೆ ಮನೆಯಲ್ಲಿ ಕೂರಬೇಡಿ ಎಂದೂ ಹೇಳಿದ್ದರು.

"ವಾರಕ್ಕ ಒಂದ ದಿವಸ, ದಿನಾ ಅಲ್ಲ. ಬರೋಬರ?" ಎಂದು ವೈದ್ಯೆ ಎರಡು ಸಲ ಕೇಳಿದ್ದು ನೆನಪಿದೆ. ಸಂತೆ ದಿನ ನುಂಗಿದರೆ ಮರೆಯುವುದಿಲ್ಲ ಎಂದೂ ಅವರೇ ಹೇಳಿದ್ದರು. ಹಾಗೆಂದೇ ನಾನು ನಂಬಿದ್ದೆ.

ಗುಳಿಗೆ ಕೆಲಸ ಮಾಡಿತು. ಹೋದ ವರ್ಷ ಕಾಳು ಬಿಡಿಸುವ ಹೊತ್ತಿಗೆ ಅಕ್ಕ ಮತ್ತೆ ಕತ್ತರಿ ಹಿಡಿದಳು. ಎರಡು ದಿನ ಇಲ್ಲಿ, ನಾಲ್ಕು ದಿನ ಮಗಳ ಊರಲ್ಲಿ. ಆ ನಡುವೆ ಒಂದು ದಿನ ನೋಡಿದರೆ ಗುಳಿಗೆಯ ಪಟ್ಟಿ ಖಾಲಿ. ಇಷ್ಟು ಬೇಗ ಮುಗಿಯಬಾರದಲ್ಲ ಎನಿಸಿತು. ಆದರೆ ಅದೇ ತಿಂಗಳು ಮೋಟಾರ್ ಸೈಕಲ್ಲನ್ನು ಶಿರಗುಪ್ಪಿಯಲ್ಲಿ ಮರೆತು ಬಸ್ಸಿನಲ್ಲಿ ಮನೆಗೆ ಬಂದಿದ್ದವನು ನಾನು. ತಂದ ದಿನವನ್ನು ನಾನೇ ತಪ್ಪು ನೆನಪಿಟ್ಟಿರಬೇಕು ಎಂದುಕೊಂಡು ಇನ್ನೊಂದು ಪಟ್ಟಿ ತಂದಿಟ್ಟೆ.

ಹುಣ್ಣಿನ ಹಿಂದೆಯೇ ಜ್ವರ ಬಂತು. ಮೀರಜಿಗೆ ಓಡಿದೆವು. ವೈದ್ಯೆ ಬಾಯಿ ನೋಡಿ ಕೇಳಿದರು, "ಆಯಿ, ಗುಳಿಗಿ ಯಾವಾಗ ತಗೋತೀರಿ?"

"ಸಂತಿ ದಿವಸ್ರಿ."

"ಯಾವೂರ ಸಂತಿ?"

"ನಮ್ಮೂರದೂ ಮಾಡ್ತೀನ್ರಿ, ಮಗಳ ಊರದೂ ಮಾಡ್ತೀನ್ರಿ. ಒಂದಕ್ಕ ಒಂದ ಎರಡ ದಿನಾ ಅಂತರ್ರಿ."

ವೈದ್ಯೆ ನನ್ನ ಕಡೆ ನೋಡಿದರು. ನಾನು ಫೈಲು ನೋಡಿದೆ.

ಬಿಳಿ ಕಣಗಳು ಅಪಾಯವಾಗುವಷ್ಟು ಇಳಿದಿದ್ದವು. ಗುಳಿಗೆ ನಿಂತಿತು, ಆ್ಯಂಟಿಬಯೋಟಿಕ್ ಮತ್ತು ಮೆಥೊಟ್ರೆಕ್ಸೇಟಿನ ಪೆಟ್ಟು ತಡೆಯುವ ಇಂಜೆಕ್ಷನ್ ಶುರುವಾದವು. ಜ್ವರ ಇಳಿದು, ಬದುಕುತ್ತಾಳೆ ಎಂದು ಖಾತ್ರಿಯಾದ ಮೇಲೆ ನನಗೆ ಸಿಟ್ಟು ಬಂತು.

"ವಾರದಾಗ ಎರಡ ಸಲ ಜಿಎ ಹೊಡದ್ರ ಗೊಂಚಲಾ ಏನಾಗ್ತೈತಿ, ಅಕ್ಕಾ?" ಕಾಳು ದಪ್ಪವಾಗಲೆಂದು ಹೊಡೆಯುವ ಆ ಔಷಧದ ಅಳತೆಯಲ್ಲಿ ಆಕೆ ಅಳಿಯನನ್ನೂ ನಂಬುವವಳಲ್ಲ.

"ಕಡ್ಡಿ ಬಿರಸ ಆಗಿ ಕಾಳ ಉದರತಾವ."

"ಅದು ತಿಳೀತೈತಿ, ಇದು ತಿಳೀಲಿಲ್ಲಾ?"

"ನಾ ಏನ್ ದ್ರಾಕ್ಷಿನಲೇ? ಸಂತಿ ದಿನಾ ಅಂದಾವ ನೀನ. ಎರಡ ಸಂತಿ ಮಾಡೂದು ನಿನಗ ಗೊತ್ತಿರಲಿಲ್ಲಾ?"

"ನಾ ಅಂದಿಲ್ಲ. ಡಾಕ್ಟರ್ ಅಂದಾರ."

ಮನೆಗೆ ಬಂದು ಗುಳಿಗೆಯ ಡಬ್ಬಿ ತೆಗೆದೆ. ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ "ಸಂತೆ ದಿನ" ಎಂದಿತ್ತು. ಅಕ್ಷರ ನನ್ನದೇ. ವೈದ್ಯೆಯ ಚೀಟಿಯಲ್ಲಿ ಸೋಮವಾರ ಎಂದಷ್ಟೇ ಇತ್ತು. ಸರಿಯಿದ್ದ ನೆನಪನ್ನು ಅನುಮಾನಿಸಿ ಪಟ್ಟಿ ತಂದಿದ್ದೆ, ತಪ್ಪು ನೆನಪನ್ನು ಹಿಡಿದು ಆಸ್ಪತ್ರೆಯಲ್ಲಿ ಜಗಳವಾಡಿದ್ದೆ. ಎಲ್ಲವನ್ನೂ ಅನುಮಾನಿಸಬೇಕು ಎಂದು ಕಲಿತದ್ದಕ್ಕೆ ಇದೇ ಫಲವಾದರೆ ಏನು ಹೇಳುವುದು?

ಗುಳಿಗೆ ನಿಂತ ಕೆಲವು ವಾರಗಳಲ್ಲೇ ಬೆರಳು ಮತ್ತೆ ಬಾತವು. ರಕ್ತ ಸರಿಹೋದದ್ದನ್ನು ಕಂಡು ವೈದ್ಯೆ ಮತ್ತೆ ಕಡಿಮೆ ಪ್ರಮಾಣದಿಂದ ಶುರುಮಾಡೋಣ ಎಂದರು. ಕತ್ತರಿ ಬೇಕಾದರೆ ಗುಳಿಗೆ ಬೇಕು. ಅಕ್ಕ ಒಪ್ಪಿದಳು, ನನಗೇ ಧೈರ್ಯ ಸಾಲಲಿಲ್ಲ. ದಾರಿ ಹುಡುಕಿದವಳು ಅವಳ ಮಗಳು.

"ಮಾಮಾ, ನಿಮ್ಮ ನೆನಪೂ ಬ್ಯಾಡ, ಅವ್ವನ ಸಂತಿನೂ ಬ್ಯಾಡ. ಸ್ಪ್ರೇ ವಹಿಯಾಗ ಬರಿಯೂನು."

ಬಳ್ಳಿಗೆ ಯಾವ ಔಷಧ, ಯಾವ ದಿನ, ಎಷ್ಟು ಎಂದು ಬರೆಯುವ ಆ ಪುಸ್ತಕ ತೋಟದ ಪಂಪಿನ ಮನೆಯಲ್ಲಿ ಮೊಳೆಗೆ ತೂಗುತ್ತದೆ. ಬರೆಯದೆ ಅಲ್ಲಿ ಒಂದು ಹನಿಯೂ ಹೊಡೆಯುವುದಿಲ್ಲ. ಅಕ್ಕ ಎಲ್ಲೇ ಇರಲಿ, ಸೋಮವಾರ ಮಗಳಿಗೆ ಫೋನು ಮಾಡಿಯೇ ನುಂಗುತ್ತಾಳೆ, ಮಗಳು ಬರೆಯುತ್ತಾಳೆ.

ಮೊನ್ನೆ ತೋಟಕ್ಕೆ ಹೋಗಿದ್ದೆ. ಅಕ್ಕ ಚಪ್ಪರದ ಕೆಳಗೆ ಕತ್ತರಿ ಹಿಡಿದು ನಿಂತಿದ್ದಳು. ಮೊದಲಿನ ವೇಗವಿಲ್ಲ, ನಡುನಡುವೆ ಕೈ ಕೊಡವುತ್ತಾಳೆ.

"ಈ ವಾರದ್ದ ತಗೊಂಡಿ ಏನ?"

ಆಕೆ ಗೊಂಚಲಿನಿಂದ ಕಣ್ಣು ತೆಗೆಯಲಿಲ್ಲ. "ವಹಿ ನೋಡ್ಕೋ ಹೋಗ."

ಹೋಗಿ ನೋಡಿದೆ. ಬೂದಿರೋಗದ ಔಷಧಕ್ಕೂ ಜಿಎಗೂ ನಡುವೆ, ಸೋಮವಾರದ ಎದುರು, "ಅವ್ವ" ಎಂದು ಬರೆದಿತ್ತು. ಚಪ್ಪರದವರೆಗೆ ಬಂದವನು ತಿರುಗಿ ಹೋಗಿ ಇನ್ನೊಂದು ಸಲ ನೋಡಿ ಬಂದೆ.