ಸಂತೆಯಲ್ಲಿ ಹೂಡಿದ ಒಲೆ

ನಮ್ಮ ಮಾವನವರಿಗೆ ಹೊರಗಿನ ಊಟ ಆಗುತ್ತಿರಲಿಲ್ಲ. ಲಿಂಗಪೂಜೆ ಮುಗಿಯದೆ ನೀರೂ ಮುಟ್ಟದ ಮನುಷ್ಯ. ಅತ್ತೆಯ ಕೈ ಅಡಿಗೆ ಬಿಟ್ಟು ಇನ್ನೊಬ್ಬರದು ಒಲ್ಲರು. ಆದೋನಿಯಲ್ಲಿ ಅವರದು ಹತ್ತಿ ವ್ಯಾಪಾರ. ಹತ್ತಿ ಬಿಡಿಸುವ ಕಾಲಕ್ಕೆ ಊರೂರು ಸಂತೆ ತಿರುಗಬೇಕು, ತಿರುಗಿದರೆ ಅರೆಹೊಟ್ಟೆ. ಅದಕ್ಕೇ ಮಹಾಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ಒಂದು ಹಳೇ ಬಸ್ಸು ಕೊಂಡು, ಸೀಟುಗಳನ್ನು ಕೀಳಿಸಿ, ಎರಡು ಮಂಚ, ಹಿಟ್ಟಿನ ಡಬ್ಬಿ, ನೀರಿನ ಕೊಡ, ಕಬ್ಬಿಣದ ಒಲೆ ಎಲ್ಲ ಕೂಡಿಸಿದರು. ಮೂಲೆಯಲ್ಲಿ ದೇವರ ಜಗಲಿ ಬೇರೆ. ಪೆಟ್ರೋಲು ಸಿಗುತ್ತಿರಲಿಲ್ಲವಾಗಿ ಹಿಂದೆ ದೊಡ್ಡ ಪೀಪಾಯಿ ಕಟ್ಟಿಸಿ ಇದ್ದಿಲಿನ ಗ್ಯಾಸಿನಿಂದ ಓಡಿಸುತ್ತಿದ್ದರು. ಹೆಂಡತಿಯ ಅಡಿಗೆ ಬೇಕೆಂದು ಬಸ್ಸು ಕೊಂಡ ಗಂಡಸು ನಮ್ಮ ಸೀಮೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ.

ಅತ್ತೆ ಯಾವುದನ್ನೂ ಅರ್ಧಂಬರ್ಧ ಮಾಡುವವರಲ್ಲ. ಹೊರಡುವ ದಿನ ಮೋಟಾರಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ, ಒಳಗೆ ಹಾಲು ಉಕ್ಕಿಸಿ, ಹೊಸ ಸೊಸೆಯಾದ ನನ್ನನ್ನು ಬಲಗಾಲಿಟ್ಟು ಒಳಗೆ ಹೋಗು ಅಂದರು. ಓಣಿಯವರು ನಕ್ಕರು. ನನಗೂ ನಗು ಬಂತು, ಸೆರಗು ಬಾಯಿಗೆ ಇಟ್ಟುಕೊಂಡೆ. ನನ್ನ ಗಂಡ ಅಂಗಡಿ ನೋಡಿಕೊಳ್ಳಲು ಆದೋನಿಯಲ್ಲೇ ಉಳಿದರು. ಮಾವ, ಅತ್ತೆ, ನಾನು ಮತ್ತು ಮೋಟಾರು ನಡೆಸುವ ಸಾಬರು, ಇಷ್ಟೇ ಮಂದಿ.

ಆ ಪ್ರಯಾಣ ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಗುಡ್ಡದ ಏರು ಬಂದರೆ ಮೋಟಾರು ಉಸಿರು ಕಟ್ಟಿದಂತೆ ನಿಂತುಬಿಡುವುದು. ಸಾಬರು ಇಳಿದು ಪೀಪಾಯಿಯ ಬೆಂಕಿ ಕೆದಕುವರು, ಬಿಳೀ ಧೋತರದ ಮಾವ ಹಿಂದಿನಿಂದ ನೂಕುವರು, ನಾವಿಬ್ಬರೂ ನಡೆದೇ ಏರು ಹತ್ತುವೆವು. ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡ, ಕೆಳಗೆ ಬೆಳ್ಳಗೆ ಒಡೆದ ಹತ್ತಿಯ ಹೊಲ, ಎದುರಿಗೆ ಕುರಿ ಹೊಡೆದುಕೊಂಡು ಬರುವವರು. ಪೆದ್ದಕಡುಬೂರಿನಲ್ಲಿ ಅರ್ಧ ಊರೇ ಬಂದು ಕಿಟಕಿಯಲ್ಲಿ ಇಣುಕಿತ್ತು. ಒಬ್ಬ ಮುದುಕಿ, ಇದರೊಳಗೆ ಹೆರಿಗೆಯೂ ಆಗುತ್ತದೇನು ಎಂದು ತೆಲುಗಿನಲ್ಲಿ ಕೇಳಿದಳು. ಅತ್ತೆ ಅದೇ ತೆಲುಗಿನಲ್ಲಿ, ಮೊದಲು ಬಸಿರಾಗಲಿ ಅಂದರು. ನಾನು ತಲೆ ಎತ್ತಲಿಲ್ಲ.

ಆದರೆ ನನ್ನ ಜೀವವೆಲ್ಲ ಪತ್ತಿಕೊಂಡದ ಸಂತೆಯ ಮೇಲಿತ್ತು. ನನ್ನ ತವರು ಅಲ್ಲಿಗೆ ಎರಡು ಹರದಾರಿ. ಅವ್ವ ಬರುತ್ತೇನೆಂದು ಹೇಳಿ ಕಳಿಸಿದ್ದಳು. ತವರಿನಲ್ಲಿ ನಾನು ಹಿಟ್ಟು ಮುಟ್ಟಿದ್ದೇ ಅಪರೂಪ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮವ್ವ ಮಾತ್ರ ಬಂದುಹೋದವರಿಗೆಲ್ಲ, ಇವಳ ರೊಟ್ಟಿ ತಿಂದವರು ಹಲ್ಲು ಹುಡುಕಬೇಕು ಎಂದು ಹೇಳಿಕೊಂಡು ನಗುತ್ತಿದ್ದಳು. ಈಗ ಅತ್ತೆ ರೊಟ್ಟಿ ಬಡಿಯುವುದನ್ನು ಕಲಿಸಿದ್ದರು. ಅವ್ವನಿಗೆ ನನ್ನ ಕೈಯಾರೆ ಒಂದು ರೊಟ್ಟಿ ಉಣ್ಣಿಸಬೇಕು, ಅದೊಂದೇ ಆಸೆ. ಮಗಳಿಗೆ ಮಗುವಾಗುವವರೆಗೆ ಹೆತ್ತವರು ಅವಳ ಮನೆಯಲ್ಲಿ ಉಣ್ಣಬಾರದು ಎಂಬುದು ನಮ್ಮಲ್ಲಿಯ ಪದ್ಧತಿ. ಆದರೆ ಮೋಟಾರು ಮನೆಯೇ? ಅಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಅವ್ವ ಬಂದಳು. ಬುಟ್ಟಿಯಲ್ಲಿ ಹುಣಸೆಹಣ್ಣು, ಮೇಲೆ ನನಗೆಂದು ಕಟ್ಟಿ ತಂದ ಎಳ್ಳಿನ ಹೋಳಿಗೆ. ಮದುವೆಯಲ್ಲಿ ಕಂಡದ್ದಕ್ಕಿಂತ ಬಡವಾಗಿದ್ದಳು. ಏನಾಯಿತು ಅಂದರೆ ಬಿಸಿಲು ಅಂದಳು. ನಾನು ಓಡಿಹೋಗಿ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿ ತಂದೆ. ಅವಳ ಕೈ ಮುಂದೆ ಬಂತು. ಅಷ್ಟರಲ್ಲಿ ಮೋಟಾರಿನ ಬಾಗಿಲಿನ ಒಣಗಿದ ತೋರಣ ಕಂಡಿತೇನೋ, ಕೈ ಹಿಂದೆ ಹೋಯಿತು.

“ಇದರಾಗ ಹಾಲು ಉಕ್ಕಿಸೀರೇನಬೇ?” ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಹೌದು ಅಂದೆ. ಅವಳು ಗಂಗಾಳವನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಗಾಲಿ ಇರುವುದು ಬಂಡಿ, ಮನೆ ಹೇಗಾದೀತು ಎಂದು ಮಾವ ವಾದಿಸಿದರು. ಜಗಲಿ ಇದ್ದು ದೀಪ ಹಚ್ಚಿದ ಮೇಲೆ ಅದು ಮನೆಯೇ ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ನನಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ತೋರಣ ಕಿತ್ತು ಬೆಂಕಿಗೆ ಹಾಕಬೇಕೆನಿಸಿತು. ಗಂಗಾಳ ಹಿಡಿದುಕೊಂಡೇ ಕಣ್ಣೀರು ಸುರಿಸಿದೆ.

ಅತ್ತೆ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂತೆಯ ಬಯಲಿನಿಂದ ತಾವೇ ಮೂರು ಕಲ್ಲು ಹೊತ್ತು ತಂದು ಬೇವಿನ ಗಿಡದ ಕೆಳಗೆ ಇಟ್ಟರು. ಅವ್ವನ ಬುಟ್ಟಿಯಿಂದ ಹುಣಸೆಹಣ್ಣು ತೆಗೆಸಿ, ಹಿಟ್ಟು ಮಾರುವವಳ ಹತ್ತಿರ ಅದಕ್ಕೆ ಬದಲು ಜೋಳದ ಹಿಟ್ಟು ತರಿಸಿದರು. ಹೆಂಚನ್ನು ಪಕ್ಕದ ಬಂಡಿಯವರಿಂದ ಕೇಳಿ ತಂದರು. ನೀರು ಊರ ಬಾವಿಯದು. ನಮ್ಮ ಮೋಟಾರಿನದೊಂದು ಚಮಚವನ್ನೂ ಮುಟ್ಟಗೊಡಲಿಲ್ಲ.

“ಸಂತ್ಯಾಗಿನ ಒಲಿ ಯಾರ ಮನೀದೂ ಅಲ್ಲ. ಹಿಟ್ಟು ನಿಮ್ಮದು. ಬಡಿಯೋ ಕೈನೂ ನೀವು ಹೆತ್ತ ಕೈ ಐತಿ. ಉಣ್ರಿ ಅಕ್ಕ,” ಅಂದರು.

ನಾನು ಬಡಿದೆ. ಕಣ್ಣಿಗೆ ಹೊಗೆ, ಮೊದಲ ರೊಟ್ಟಿ ಹರಿದೇ ಹೋಯಿತು. ಎರಡನೆಯದು ಉಬ್ಬಿತು. ಅವ್ವ ನೆಲದ ಮೇಲೆ ಕೂತು, ಎಳ್ಳಿನ ಹೋಳಿಗೆ ಕಟ್ಟಿದ್ದ ಎಲೆಯಲ್ಲೇ ಹಾಕಿಸಿಕೊಂಡು ಎರಡು ರೊಟ್ಟಿ ಉಂಡಳು. ಅಂಚು ದಪ್ಪವಾಯಿತು ಅಂದಳು. ಇನ್ನೊಂದು ಹಾಕು ಅಂತಲೂ ಅಂದಳು. ಮಾವ ದೂರ ನಿಂತು ಹತ್ತಿ ನೋಡುವ ನೆವ ಮಾಡುತ್ತಿದ್ದರು. ಅಂಥ ಸುಖ ನನಗೆ ಆಮೇಲೆ ಬಹಳ ಸಲ ಸಿಕ್ಕಿಲ್ಲ.

ಮರುದಿನ ದೇವನಕೊಂಡದ ಕಡೆ ಹೊರಟೆವು. ಎರಡು ವಾರ ಬಿಟ್ಟು ಆದೋನಿಗೆ ಮರಳಿದೆವು.

ಮುಂದೆ ಬಂದ ಶ್ರಾವಣದಲ್ಲಿ ಅವ್ವ ತೀರಿಕೊಂಡಳು. ಬಿಸಿಲಲ್ಲ, ಒಳಗೇ ಏನೋ ರೋಗವಿತ್ತು. ನನಗಾಗ ಮೂರು ತಿಂಗಳು. ಅವಳಿಗೆ ಹೇಳಿ ಕಳಿಸಬೇಕು ಎಂದುಕೊಳ್ಳುತ್ತಿರುವಾಗಲೇ ಸುದ್ದಿ ಬಂತು. ಮಗು ಹುಟ್ಟಲಿ, ಆಮೇಲೆ ಕರೆಸಿ ದಿನಾ ಉಣ್ಣಿಸುತ್ತೇನೆ ಎಂದು ಲೆಕ್ಕ ಹಾಕಿ ಕೂತಿದ್ದವಳು ನಾನು. ಅಡಿಗೆಮನೆಯ ಗೋಡೆಗೆ ತಲೆ ಕೊಟ್ಟು ಅಳುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ನನ್ನ ಎರಡೂ ಕೈ ಹಿಡಿದುಕೊಂಡರು.

“ಉಂಡು ಹೋಗ್ಯಾಳ ಬಿಡವ್ವ. ನಿನ್ನ ಕೈಲೆ ಉಂಡು ಹೋಗ್ಯಾಳ.”