ಫರಸಿಕಲ್ಲಿನ ಮೇಲಿನ ಮಾರಿ

ವಾಡಿ ಊರಿನ ಶಾಲೆಯ ಗೋಡೆಯ ಮೇಲೆ ಇವತ್ತು ವ್ಯಂಗ್ಯಚಿತ್ರಕಾರನೊಬ್ಬ ಊರ ಹಿರಿಯರ ಮುಖಗಳನ್ನು ಬರೆಯುತ್ತಿದ್ದ. ಅಕ್ಕನೂ ನಾನೂ ನೋಡಲು ಹೋಗಿದ್ದೆವು. ಎಣ್ಣೆಬಣ್ಣದ ವಾಸನೆಗೆ ಶಹಾಬಾದಿನ ತವರುಮನೆ ನೆನಪಾಯಿತು.

ಹುಡುಗಿಯಾಗಿದ್ದಾಗ ಅಕ್ಕ ಕಾಡಿಗೆಗೆ ಎಣ್ಣೆ ಕಲಸಿ, ನೆಲದ ಫರಸಿಕಲ್ಲಿನ ಮೇಲೆ ಟೂರಿಂಗ್ ಟಾಕೀಸಿನ ನಟನಟಿಯರನ್ನು ಬರೆಯುತ್ತಿದ್ದಳು. ತನ್ನನ್ನು ನೋಡಿಹೋದ ವರನ ತಂದೆಯನ್ನೂ ಬರೆದಳು, ಬದನೆಕಾಯಿಯಂಥ ಮೂಗಿಟ್ಟು. ಎಣ್ಣೆ ಕಲ್ಲಿಗೆ ಇಳಿದಿತ್ತು, ತೊಳೆದರೂ ಹೋಗಲಿಲ್ಲ. ಮದುವೆ ಮಾತಿಗೆ ಅವರು ಮತ್ತೆ ಬರುವ ದಿನ ಅವ್ವ ಅದರ ಮೇಲೆ ಜಮಖಾನ ಹಾಸಿದಳು. ಅಕ್ಕ ನನ್ನನ್ನೂ ಹಲ್ಲುಬ್ಬಿಯಾಗಿ ಬರೆದಿದ್ದಳೆಂಬ ಸಿಟ್ಟು ನನಗೆ. ಅವರು ಒಳಗೆ ಬಂದೊಡನೆ ಜಮಖಾನ ಎಳೆದೆ.

"ಇದು ನಂದೇ ಮಾರಿ ಅಲ್ಲೇನ್ರಿ?" ಎಂದು ವರನ ತಂದೆ ಹೊರಟೇಹೋದರು. ಸಂಬಂಧ ಮುರಿಯಿತು.

ಅಪ್ಪ ಅಕ್ಕನ ಕೈಗೆ ಇಟ್ಟಿಗೆಯ ತುಂಡು ಕೊಟ್ಟ. "ತಿಕ್ಕು. ಮಾರಿ ಹೋಗೋತನ ಏಳಬ್ಯಾಡ."

ಅಂಗೈ ಸುಲಿದು ರಕ್ತ ಬಂತು.

"ಅಪ್ಪಾ, ಕೈ ಭಾಳ ಉರಿಲಿಕತ್ತಾವ."

"ಉರೀಲಿ. ಬರಿಯೋ ಕೈ ಅಲ್ಲೇನು!"

ನಾನು ಹೊಸ್ತಿಲ ಮೇಲೆ ಕುಳಿತು ನೋಡಿದೆ. ನನಗೆ ಒಂದು ಏಟೂ ಬೀಳಲಿಲ್ಲ. ಅಕ್ಕ ಮತ್ತೆಂದೂ ಬರೆಯಲಿಲ್ಲ, ಅವಳಿಗೆ ಮದುವೆಯೂ ಆಗಲಿಲ್ಲ.

"ಅಜ್ಜಿ, ನೀವೂ ಒಂದ್ ಗೆರಿ ಎಳೀರಿ" ಎಂದು ಇವತ್ತು ಆ ಚಿತ್ರಕಾರ ಅಕ್ಕನತ್ತ ಕುಂಚ ಚಾಚಿದ.

ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನನಗ ಬ್ಯಾಡಪ್ಪ. ನಮ್ಮ ತಂಗಿಗಿ ಕೊಡು. ಅಕಿ ಕೈ ಇನ್ನಾ ನೆಟ್ಟಗ ಅದಾವ."